ಹಾಕಿದ ಚಿಲಕ

ಇಲಿಹಿಕ್ಕೆಯಾಗಲಿ ಕೋಳಿಹಿಕ್ಕೆಯಾಗಲಿ, ಒಣಗಿದ್ದನ್ನು ನೀರು ಚಿಮುಕಿಸದೆ ಕೆರೆಯಬಾರದು, ಧೂಳು ನೇರ ಎದೆಗಿಳಿಯುತ್ತದೆ ಎಂದು ಮೂವತ್ತು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನೇ ಈಗ ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ, ಹಿತ್ತಿಲಿನ ಕೋಳಿಗೂಡಿನೊಳಗೆ ಅರ್ಧ ಮೈ ತೂರಿಸಿಕೊಂಡು ಕರಣೆಯಿಂದ ಕರಕರ ಕೆರೆಯುತ್ತಿದ್ದ. ನಿನ್ನೆ ಸೋಡಾ ಪುಡಿ ಹಾಕಿದ ಬಿಸಿನೀರಲ್ಲಿ ಗೂಡನ್ನೆಲ್ಲ ತೊಳೆದಾಗ ಮೊಟ್ಟೆಯಿಡುವ ಹಲಗೆಯ ಹಿಂದಿನ ಸಂದೊಂದು ಉಳಿದುಹೋಗಿತ್ತು. ಮಲಗಿದ ಮೇಲೆ ಅದು ನೆನಪಾಗಿ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜಿದವನೇ ಹಿತ್ತಿಲಿಗೆ ಬಂದಿದ್ದ. ಮೂರು ಕಡೆ ಇಟ್ಟಿಗೆ, ಮುಂದುಗಡೆ ಮರದ ಚೌಕಟ್ಟಿಗೆ ಹೊಡೆದ ಜಾಲರಿ, ಮೇಲೆ ತಗಡು. ಬಗ್ಗಿದರೆ ಒಳಗೆ ಹೋಗಬಹುದು, ನೆಟ್ಟಗೆ ನಿಲ್ಲುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಅದರಲ್ಲಿ ಕೋಳಿಯೊಂದನ್ನು ಬಿಟ್ಟು ಉಳಿದೆಲ್ಲ ಇತ್ತು: ಕಾಲು ಮುರಿದ ಕುರ್ಚಿ, ಬಣ್ಣದ ಡಬ್ಬಿ, ಹಳೇ ಕ್ಯಾಲೆಂಡರುಗಳ ಕಟ್ಟು, ಮಗಳ ಚಿಕ್ಕ ಸೈಕಲ್ಲು. ಮೊನ್ನೆ ಅದನ್ನೆಲ್ಲ ಎಳೆದು ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಇವತ್ತು ನಾಲ್ಕು ಗಂಟೆಗೆ ಮಗಳು ಐದು ಕೋಳಿ ತರುತ್ತಾಳೆ. ಅಷ್ಟರೊಳಗೆ ಸಂದುಗೊಂದು ಸುಟ್ಟು, ಸುಣ್ಣ ಬಳಿದು, ಹೊಸ ಜಾಲರಿ ಹೊಡೆದು, ಚಿಲಕ ಕೂರಿಸಬೇಕು. ಮಗಳು ಫೋನಿಗೆ ಕಳಿಸಿದ ಪಟ್ಟಿಯಲ್ಲಿ ಹದಿನಾಲ್ಕು ಕೆಲಸಗಳಿದ್ದವು. ಅದರಲ್ಲಿ ನಾಲ್ಕು ಚಿಲಕಕ್ಕೆ ಸಂಬಂಧಪಟ್ಟವು.

ಧಾನ್ಯದ ಗೋದಾಮುಗಳಿಗೆ ಹೋಗಿ ಇಲಿ, ಹುಳು, ಹಕ್ಕಿ ಒಳಗೆ ಬರುವ ದಾರಿಗಳನ್ನು ಹುಡುಕಿ, ಮುಚ್ಚಿಸಿ, ‘ಸುರಕ್ಷಿತ’ ಎಂದು ಸಹಿ ಹಾಕುವುದು ಅವನ ನೌಕರಿಯಾಗಿತ್ತು. ಆಫೀಸಿನಲ್ಲಿ ಎದುರಿಗೆ ಸಾರ್, ಬೆನ್ನ ಹಿಂದೆ ಇಲಿ ಸಾಹೇಬ. ಸಹಿ ಹಾಕುವ ಪೆನ್ನಿನ ಜೊತೆ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ಲು. ಗೋಡೆಯ ತೂತಿನಲ್ಲಿ ಹೆಬ್ಬೆರಳು ಹೋದರೆ ಇಲಿ ಹೋಗುತ್ತದೆ, ಪೆನ್ಸಿಲ್ಲು ಹೋದರೆ ಸುಂಡಿಲಿ ಹೋಗುತ್ತದೆ. ಇದಕ್ಕಿಂತ ದೊಡ್ಡ ಶಾಸ್ತ್ರವೇನೂ ಆ ಕೆಲಸದಲ್ಲಿ ಇರಲಿಲ್ಲ. ಆದರೆ ಜನರಿಗೆ ಅದು ತಲೆಗೆ ಹೋಗುತ್ತಿರಲಿಲ್ಲ. ಕೋಳಿಯ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಹೊರಗಿನದನ್ನು ಹೊರಗೆ ಇಡುವುದಿಲ್ಲ ಎಂದು ಅವನೇ ಎಷ್ಟು ಜನಕ್ಕೆ ಹೇಳಿದ್ದನೋ. ಅವನ ಹಿತ್ತಿಲಿನಲ್ಲಿ ಮಾತ್ರ ಆ ದೊಡ್ಡ ಕಣ್ಣಿನ ಜಾಲರಿಯೇ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದಕ್ಕೆ ಉದಾಹರಣೆ ಬೇಕಾದರೆ ತನ್ನ ಮನೆಗೆ ಬನ್ನಿ ಎಂದು ಅವನು ಒಮ್ಮೆ ತಮಾಷೆ ಮಾಡಬೇಕೆಂದುಕೊಂಡು, ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದ.

ಹೆಂಡತಿ ಚಹಾದ ಲೋಟ ಹಿಡಿದು ಹಿಂಬಾಗಿಲಲ್ಲಿ ನಿಂತಳು. ಅವಳಿಗೆ ಮಂಡಿನೋವು, ಮೆಟ್ಟಿಲು ಇಳಿಯುವುದಿಲ್ಲ. ‘ಏನ್ರೀ, ಹೊರಗೆ ಬರ್ತೀರೋ, ಅಲ್ಲೇ ಮೊಟ್ಟೆ ಇಡ್ತೀರೋ?’ ಎಂದಳು. ಅವನು ಹಿಮ್ಮುಖವಾಗಿ ತೆವಳಿ ಹೊರಬಂದು, ಬೆನ್ನು ನೆಟ್ಟಗಾಗುವವರೆಗೆ ಗೋಡೆ ಹಿಡಿದು ನಿಂತ. ಅವಳು ಹೊಸ ಜಾಲರಿಯ ಸುರುಳಿಯನ್ನೂ, ಸಿಮೆಂಟಿನ ಚೀಲವನ್ನೂ, ಬಟ್ಟೆಯ ಮೇಲೆ ಸಾಲಾಗಿಟ್ಟ ಹಿತ್ತಾಳೆಯ ಚಿಲಕ ಮತ್ತು ಸ್ಕ್ರೂಗಳನ್ನೂ ನೋಡಿ ನಕ್ಕಳು. ‘ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ. ಆವತ್ತೇ ಇದರಲ್ಲಿ ಅರ್ಧ ಮಾಡಿದ್ರೆ ಸಾಕಿತ್ತು.’ ಅವನು ಮೆಟ್ಟಿಲ ಹತ್ತಿರ ಹೋಗಿ ಲೋಟ ತೆಗೆದುಕೊಂಡ. ಅವಳ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ, ಬರೀ ಬೆಳಗಿನ ಬಿಸಿಲಿಗೆ ಕಿರಿದಾದ ಕಣ್ಣು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಈ ಆಟ ಇಪ್ಪತ್ತೆರಡು ವರ್ಷದಿಂದ ನಡೆದಿತ್ತು, ಅವನಿಗೆ ಅದರಿಂದ ಸಾಕಾಗಿತ್ತು. ‘ಆವತ್ತು ಗೊತ್ತಾಗ್ಲಿಲ್ಲ’ ಎಂದ. ‘ನಿಮಗೆ ಗೊತ್ತಾಗ್ದೆ ಇದ್ರೂ ಪರವಾಗಿಲ್ಲ, ಅವಳೊಂದು ಚಿಲಕ ಹಾಕಿದ್ರೆ ಆಗ್ತಿತ್ತು. ಹೋಗ್ಲಿ, ಮಗು ಆಗ. ಈಗ ನೋಡಿ, ತಾನೇ ಸಾಕಿ ತೋರಿಸ್ತೀನಿ ಅಂತ ಹಟ. ಇನ್ನೂ ಅದು ಮನಸ್ಸಿಂದ ಹೋಗಿಲ್ಲ ಅವಳಿಗೆ. ಚಹಾ ಆರುತ್ತೆ, ಕುಡೀರಿ’ ಎಂದು ಅವಳು ಒಳಗೆ ಹೋದಳು.

ಹೋಗಿಲ್ಲ. ಅವನು ಬೆಸುಗೆಯವರು ಉರಿ ಚಿಮ್ಮಿಸಲು ಬಳಸುವ ಊದುದೀಪವನ್ನು ಹೊತ್ತಿಸಿ ಹಲಗೆಗಳ ಸಂದಿಗೆ ಉರಿ ಹಿಡಿದ. ಕೋಳಿಯ ರಕ್ತ ಹೀರುವ ಕೆಂಪು ನುಸಿ ಇಂಥ ಸಂದುಗಳಲ್ಲೇ ಅಡಗಿರುವುದು. ಹಗಲೆಲ್ಲ ಮರದೊಳಗಿದ್ದು ಕತ್ತಲಾದ ಮೇಲೆ ಹೊರಡುತ್ತವೆ. ಕೋಳಿಯಿಲ್ಲದೆ ವರ್ಷವೂ ಬದುಕುವುದಿಲ್ಲ, ಇಪ್ಪತ್ತೆರಡು ವರ್ಷದ ಮಾತಂತೂ ಇಲ್ಲ ಎಂದು ಅವನಿಗೆ ಗೊತ್ತಿದ್ದರೂ ಪಟ್ಟಿಯಲ್ಲಿ ಇದ್ದದ್ದರಿಂದ ಸುಡುತ್ತಿದ್ದ. ಮರ ಕಪ್ಪಾಗಿ ಚಿಟಚಿಟ ಎಂದು ಹಳೇ ಹಿಕ್ಕೆಯ ವಾಸನೆ ಎದ್ದಿತು. ಆ ವಾಸನೆಯಲ್ಲಿ ಇಪ್ಪತ್ತೆರಡು ವರ್ಷದ ಹಿಂದಿನ ಅವನ ಮೇಲಧಿಕಾರಿ ನಿಂತಿದ್ದ, ಮೂಗಿಗೆ ಕರವಸ್ತ್ರ ಹಿಡಿದು. ‘ಅಲ್ರೀ, ಇಲಿ ಹಿಡಿಯೋರು ಕೋಳಿ ಸಾಕಿದೀರಾ? ತೋರಿಸಿ ನೋಡೋಣ’ ಎಂದಿದ್ದ. ಅಧಿಕಾರಿ ಮನೆಗೆ ಬರುತ್ತಾನೆಂದು ಎರಡು ದಿನ ಮನೆ ಒರೆಸಿದ್ದರು. ಬಡ್ತಿಯ ಪಟ್ಟಿ ಆ ಅಧಿಕಾರಿಯ ಮೇಜಿನ ಮೇಲಿತ್ತು. ಹೆಂಡತಿ ಅಡುಗೆಮನೆಯಲ್ಲಿ ಏನೋ ಕರಿಯುತ್ತಿದ್ದಳು. ಮಗಳು, ಆಗ ಹನ್ನೆರಡು ವರ್ಷ, ಸಂಜೆಯಾಯಿತೆಂದು ಹನ್ನೊಂದು ಕೋಳಿಗಳನ್ನೂ ಒಳಗೆ ಹೊಗಿಸಿ, ಚಿಲಕ ಹಾಕಿ, ಕೈ ತೊಳೆದು ಮುಂದಿನ ಕೋಣೆಯಲ್ಲಿ ಲೆಕ್ಕ ಮಾಡುತ್ತಾ ಕೂತಿದ್ದಳು. ಹಾಕಿತ್ತು. ಚಿಲಕ ಹಾಕಿತ್ತು. ಅವನೇ ಅದನ್ನು ತನ್ನ ಕೈಯಾರೆ ಎತ್ತಿ ಬಾಗಿಲು ತೆಗೆದದ್ದು. ಅಧಿಕಾರಿ ಬಗ್ಗಿ ನೋಡಿ, ಒಂದು ಹುಂಜದ ಜುಟ್ಟನ್ನು ಬೆರಳಿಂದ ತಟ್ಟಿ, ‘ಇದು ನಮ್ಮ ಕ್ಯಾಷಿಯರ್ ಥರಾನೇ ಇದೆ’ ಎಂದ. ಅವನು ನಕ್ಕ. ಅಷ್ಟು ನಗುವ ಮಾತೇನೂ ಆಗಿರಲಿಲ್ಲ, ಆದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಗುತ್ತಲೇ ಬಾಗಿಲನ್ನು ಮೊಣಕೈಯಿಂದ ತಳ್ಳಿದ, ನಗುತ್ತಲೇ ಅಧಿಕಾರಿಯ ಹಿಂದೆ ಹೊರಟ. ತಳ್ಳಿದ ಬಾಗಿಲು ತಾನಾಗಿ ಚಿಲಕ ಹಾಕಿಕೊಳ್ಳುವುದಿಲ್ಲ. ಆಮೇಲೆ ಬಂದು ಹಾಕುತ್ತೇನೆ ಎಂದು ಅಂದುಕೊಂಡದ್ದೂ ಅವನಿಗೆ ನೆನಪಿದೆ. ಆಮೇಲೆ ತಿಂಡಿ ಬಂತು, ಮಾತು ಬಂತು, ಅಧಿಕಾರಿಯ ಸ್ಕೂಟರು ಶುರುವಾಗದೆ ಬೀದಿಯ ತುದಿಯವರೆಗೆ ತಳ್ಳಬೇಕಾಯಿತು.

ಬೆಳಿಗ್ಗೆ ಹೆಂಡತಿಯ ಕೂಗು ಕೇಳಿ ಎಲ್ಲರೂ ಓಡಿದರು. ನಾಯಿಯೋ ಕಾಡುಬೆಕ್ಕೋ ಮುಂಗುಸಿಯೋ, ಯಾವುದೆಂದು ಇಲಿ ಸಾಹೇಬನಿಗೂ ತಿಳಿಯಲಿಲ್ಲ. ತಿಂದದ್ದು ಒಂದನ್ನೋ ಎರಡನ್ನೋ ಅಷ್ಟೇ, ಮಿಕ್ಕವನ್ನು ಸುಮ್ಮನೆ ಕತ್ತು ಮುರಿದು ಬಿಟ್ಟಿತ್ತು. ಹಿತ್ತಿಲೆಲ್ಲ ಪುಕ್ಕ. ಬಾಗಿಲು ಹಾರು ಹೊಡೆದಿತ್ತು. ‘ಚಿಲಕ ಹಾಕಿದ್ಯೇನೇ?’ ಎಂದು ಹೆಂಡತಿ ಮಗಳನ್ನು ಕೇಳಿದಳು. ‘ಹಾಕಿದ್ದೆ ಅಮ್ಮ’ ಎಂದಳು ಹುಡುಗಿ, ಅನುಮಾನವೇ ಇಲ್ಲದೆ. ಆಗ ಅವನು ಬಾಯಿ ಬಿಟ್ಟ. ಬಿಟ್ಟಾಗ ನಿಜವೇ ಹೊರಗೆ ಬರುತ್ತದೆಂದು ಅವನಿಗೂ ಅನಿಸಿತ್ತು. ಆದರೆ ಬಂದದ್ದು ಬೇರೆ: ‘ಸರಿಯಾಗಿ ನೆನಪು ಮಾಡ್ಕೋ.’ ಮೆತ್ತಗೆ, ಗದರದೆ, ತಿಳಿದ ತಂದೆ ಹೇಳುವ ಹಾಗೆ. ಯಾಕೆ ಹಾಗೆ ಹೇಳಿದ ಎಂದು ಎಷ್ಟು ಸಲ ಕೇಳಿಕೊಂಡರೂ ಸಿಗುವ ಉತ್ತರಗಳು ನಾಚಿಕೆಗೇಡು. ಆಫೀಸಿನಲ್ಲಿ ತಿಳಿದರೆ ನಗುತ್ತಾರೆ, ಊರಿನ ಗೋದಾಮಿಗೆಲ್ಲ ಸಹಿ ಹಾಕುವವನು ತನ್ನ ಗೂಡಿಗೆ ಚಿಲಕ ಹಾಕಲಿಲ್ಲ ಎನ್ನುತ್ತಾರೆ. ಅಧಿಕಾರಿಯನ್ನು ಕರೆಯಬೇಡಿ ಎಂದು ಹೆಂಡತಿ ಮೊದಲೇ ಹೇಳಿದ್ದಳು, ಈಗ ಅವಳ ಬಾಯಿಗೆ ಸಿಕ್ಕಬೇಕಾಗುತ್ತದೆ. ಇಷ್ಟೇ. ಇಷ್ಟಕ್ಕೇ. ಹುಡುಗಿ ಅವನ ಮುಖ ನೋಡಿದಳು. ಎರಡನೇ ಸಲ ಕೇಳಿದಾಗ ‘ಹಾಕಿದ್ದೆ ಅನ್ಸುತ್ತೆ’ ಎಂದಳು. ಮೂರನೇ ಸಲ ‘ಹಾಕಿಲ್ವೇನೋ’ ಎಂದು ಅತ್ತಳು. ಆಗ ಅವನು ಅವಳ ತಲೆ ಸವರಿ ಹೆಂಡತಿಗೆ ಹೇಳಿದ: ‘ಹೋಗ್ಲಿ ಬಿಡೇ. ಮಕ್ಕಳು, ಮರೀತಾರೆ. ಯಾರೂ ಅವಳಿಗೆ ಏನೂ ಅನ್ನಕೂಡದು.’ ಆ ಬೆಳಿಗ್ಗೆಯ ನಂತರ ಅವನಿಗೆ ಒಳ್ಳೆಯ ತಂದೆ ಎಂದು ಹೆಸರು ಬಂತು. ಅವನ ಅತ್ತಿಗೆ ತನ್ನ ಗಂಡನಿಗೆ, ‘ನಿಮ್ಮ ತಮ್ಮನನ್ನ ನೋಡಿ ಕಲೀರಿ, ಹನ್ನೊಂದು ಕೋಳಿ ಹೋದ್ರೂ ಮಗುಗೆ ಒಂದು ಏಟು ಹಾಕ್ಲಿಲ್ಲ’ ಎಂದಳಂತೆ. ನಾಲ್ಕು ತಿಂಗಳಿಗೆ ಬಡ್ತಿಯೂ ಬಂತು.

ಸುಣ್ಣ ಕಲಸುವಾಗ ಬಕೀಟಿನ ನೀರು ಕೊತಕೊತ ಕುದಿಯಿತು. ಹೇಳಬಹುದಾಗಿದ್ದ ದಿನಗಳು ಬೇಕಾದಷ್ಟು ಇದ್ದವು. ವಾರಕ್ಕೆ ಹೇಳಿದ್ದರೆ ತಪ್ಪೊಪ್ಪಿಗೆ ಆಗುತ್ತಿತ್ತು, ವರ್ಷಕ್ಕೆ ಹೇಳಿದ್ದರೆ ನಗೆಮಾತು ಆಗುತ್ತಿತ್ತು. ಹುಡುಗಿಗೆ ಹದಿನಾಲ್ಕಾಗುವ ಹೊತ್ತಿಗೆ ಶಾಲೆಗೆ ಹೊರಟವಳು ಗೇಟಿನಿಂದ ವಾಪಸು ಬಂದು ಗ್ಯಾಸಿನ ತಿರುಪು ಮುಟ್ಟಿ ನೋಡತೊಡಗಿದಳು. ಒಳ್ಳೆ ಜವಾಬ್ದಾರಿ ಬಂದಿದೆ ಎಂದು ಹೆಂಡತಿ ಹಿಗ್ಗಿದಳು. ಹದಿನೇಳಕ್ಕೆ ಗೇಟಿನಿಂದಲ್ಲ, ಬೀದಿಯ ತಿರುವಿನಿಂದ ವಾಪಸು ಬರುತ್ತಿದ್ದಳು, ಎರಡು ಸಲ, ಮೂರು ಸಲ. ವೈದ್ಯಕೀಯದ ಪ್ರವೇಶ ಪರೀಕ್ಷೆಯ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಅವಳೇ ಬೀಗ ಹಾಕಿ ಹೊರಟು, ಬಸ್ಸಿನಿಂದ ಇಳಿದು ವಾಪಸು ಬಂದು ಬೀಗ ಎಳೆದು ನೋಡಿ, ಮತ್ತೆ ಹೊರಟು, ಪರೀಕ್ಷೆಯ ಬಾಗಿಲು ಹಾಕಿದ ಮೇಲೆ ತಲುಪಿದಳು. ಈಗ ಒಂದು ಲ್ಯಾಬಿನಲ್ಲಿ ಬೇರೆಯವರ ರಕ್ತದ ಶೀಶೆಗಳಿಗೆ ಹೆಸರು ಅಂಟಿಸುತ್ತಾಳೆ, ಪ್ರತಿಯೊಂದನ್ನೂ ನಾಲ್ಕು ಸಲ ಓದಿ. ‘ಇವಳ ಕೈಯಲ್ಲಿ ರಕ್ತ ಕೊಟ್ರೆ ತಪ್ಪಾಗೋದೇ ಇಲ್ಲ ಮಾವ, ಆದ್ರೆ ರಿಪೋರ್ಟ್ ಬರೋ ಹೊತ್ತಿಗೆ ರೋಗ ವಾಸಿ ಆಗಿರುತ್ತೆ’ ಎಂದು ಅಳಿಯ ನಗಿಸುತ್ತಾನೆ. ಒಳ್ಳೆಯ ಹುಡುಗ. ಹೋದ ಸಲ ಬಂದಾಗ ಮಗಳು ಯಾವುದೋ ಚಿತ್ರ ತೋರಿಸಲೆಂದು ಫೋನು ಕೊಟ್ಟಿದ್ದಳು. ಅವನ ಬೆರಳು ಜಾರಿ ಹಿಂದಿನ ಚಿತ್ರಗಳು ಬಂದವು. ಬೀಗ. ಬೀಗ. ಗ್ಯಾಸಿನ ತಿರುಪು. ಕಿಟಕಿಯ ಅಗುಳಿ. ಬೀಗ. ತಾರೀಕು ಸಮೇತ, ನೂರಾರು. ಲ್ಯಾಬಿನಲ್ಲಿ ಕೂತು ಭಯವಾದಾಗ ತೆಗೆದು ನೋಡಿಕೊಳ್ಳುತ್ತಾಳಂತೆ. ಅವನು ಫೋನು ವಾಪಸು ಕೊಟ್ಟು, ಚಿತ್ರ ಚೆನ್ನಾಗಿದೆ ಎಂದಿದ್ದ.

ಗೂಡಿನ ಮೂಲೆಯ ಇಟ್ಟಿಗೆಗೆ ಸುಣ್ಣದ ಕುಂಚ ತಾಗಿದಾಗ ಇಟ್ಟಿಗೆ ಅಲುಗಿತು. ಎಳೆದ, ಕೈಗೇ ಬಂತು. ಹಿಂದೆ ಬಿಲ. ಹೆಬ್ಬೆರಳಲ್ಲ, ಮುಷ್ಟಿಯೇ ಹೋಗುವಷ್ಟು ದೊಡ್ಡದು. ಗೋಡೆಯ ಬುಡದಡಿಯಿಂದ ಆಚೆ ಖಾಲಿ ಸೈಟಿನ ಕಡೆಗೆ ಹೋಗಿತ್ತು. ಅವನು ಇಟ್ಟಿಗೆಯನ್ನು ಕೆಳಗಿಡದೆ ಆ ಬಿಲವನ್ನೇ ನೋಡಿದ. ಮೊದಲು ಅದು ಏಕೆಂದು ಅವನಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಂಜೆ ಮಗಳನ್ನು ಇಲ್ಲಿಗೆ ಕರೆದುತಂದು, ಬಗ್ಗಿಸಿ, ತೋರಿಸಬಹುದು. ‘ನೋಡು ಮರಿ, ಆವತ್ತು ಅದು ಬಂದದ್ದು ಹೀಗೆ. ಚಿಲಕ ಹಾಕಿದ್ರೂ ಅಷ್ಟೇ, ಹಾಕದೆ ಇದ್ರೂ ಅಷ್ಟೇ. ನಿನ್ನ ತಪ್ಪೇನಿರ್ಲಿಲ್ಲ.’ ಮೂವತ್ತು ವರ್ಷ ಬಿಲ ನೋಡಿದವನ ಮಾತು, ಅವಳು ನಂಬುತ್ತಾಳೆ. ಬಾಗಿಲು ಒಳಗಿಂದ ಕೋಳಿಗಳ ಗಲಾಟೆಗೆ ತೆರೆದುಕೊಂಡಿತು ಎನ್ನಬಹುದು. ಅವಳಿಗೆ ಬಿಡುಗಡೆ, ಅವನಿಗೂ ಮರ್ಯಾದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಮಂಡಿಯೂರಿ ಕೂತು, ತನಗರಿವಿಲ್ಲದೆ ಬಿಲದೊಳಗೆ ಕೈ ಹಾಕಿ, ಅಭ್ಯಾಸಬಲದಿಂದ, ಒಳಗಿದ್ದ ಕಸವನ್ನು ಹೊರಗೆಳೆದು ನೋಡಿದ. ಇಲಿಯ ಗೂಡು: ಚಿಂದಿ, ಹಲ್ಲಲ್ಲಿ ಕಚ್ಚಿ ಚೂರು ಮಾಡಿದ ಕಾಗದ. ಕಾಗದದಲ್ಲಿ ಕ್ಯಾಲೆಂಡರಿನ ಕೆಂಪು ಅಂಕಿಗಳಿದ್ದವು. ಗೂಡು ಖಾಲಿಯಾಗಿ ಸಾಮಾನು ತುಂಬಿದ ಮೇಲೆ ತೋಡಿದ ಬಿಲ, ಮೂರು ನಾಲ್ಕು ವರ್ಷದ್ದಿರಬಹುದು. ಕೋಳಿಗಳು ಸತ್ತಾಗ ಈ ಬಿಲವೂ ಇರಲಿಲ್ಲ, ಈ ಇಲಿಯ ಮುತ್ತಜ್ಜಿಯೂ ಹುಟ್ಟಿರಲಿಲ್ಲ. ಅವನು ನಕ್ಕ, ಒಬ್ಬನೇ, ಸದ್ದಿಲ್ಲದೆ. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು.

ಆದರೆ ಬಿಲದ ವಯಸ್ಸು ಅವನಿಗೆ ಗೊತ್ತೇ ಹೊರತು ಅವಳಿಗೆ ಗೊತ್ತಾಗುವುದಿಲ್ಲ. ಅವನು ಸುಣ್ಣ ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತ. ಫೋನು ಬಂತು. ‘ಅಪ್ಪ, ಹೊರಟೆ. ಸ್ವಲ್ಪ ತಡ ಆಯ್ತು.’ ‘ಯಾಕಮ್ಮ?’ ‘ಏನಿಲ್ಲ, ಒಂದ್ಸಲ ವಾಪಸ್ ಹೋಗ್ಬೇಕಾಯ್ತು. ಕೋಳಿಗಳು ಬುಟ್ಟೀಲಿ ಸುಮ್ನೆ ಕೂತಿವೆ, ಪಾಪ. ಅಪ್ಪ, ಚಿಲಕ ಹೇಗಿದೆ?’ ‘ಎರಡು ಹಾಕ್ತಿದೀನಿ. ಒಂದು ಮೇಲೆ, ಒಂದು ಕೆಳಗೆ.’ ‘ತಾನಾಗೇ ತೆಗೆದುಕೊಳ್ಳೋ ಥರದ್ದು ಅಲ್ಲ ತಾನೆ?’ ‘ಅಲ್ಲ.’ ‘ಮೂರು ಹಾಕಿದ್ರೆ ಜಾಸ್ತಿ ಆಗುತ್ತಾ?’ ಎಂದು ಅವಳು ನಕ್ಕಳು, ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ನಗು, ಆದರೆ ಉತ್ತರಕ್ಕೆ ಕಾದಳು. ‘ಮೂರು ಹಾಕ್ತೀನಿ’ ಎಂದ. ಫೋನು ಇಟ್ಟ ಮೇಲೆ ಅವನು ಎದ್ದು ಒಡೆದ ಗಾಜು ತಂದು ಬಿಲಕ್ಕೆ ತುಂಬಿದ, ಮೇಲೆ ಜಲ್ಲಿ, ಮೇಲೆ ಗಟ್ಟಿಯಾಗಿ ಕಲಸಿದ ಸಿಮೆಂಟು. ಕರಣೆಯಿಂದ ಒತ್ತಿ ಒತ್ತಿ ನುಣುಪು ಮಾಡಿದ. ಮಗಳಿಗೆ ಕೊಡುವ ಮಾತಿಗೆ ಇನ್ನೊಂದು ಸುಳ್ಳು ಸಹಿ ಬೇಡ. ನಿಜ ಹೇಳುತ್ತೇನೆ, ಅವಳು ಉಗಿಯಲಿ, ಮಾತು ಬಿಡಲಿ, ಕೋಳಿಗಳನ್ನು ವಾಪಸು ಕಾರಿಗೆ ಹಾಕಿಕೊಂಡು ಹೋಗಲಿ. ಅವಳು ಚಿಲಕ ಹಾಕಿದ್ದಳು ಎಂಬುದು ಅವಳಿಗೆ ತಿಳಿಯಬೇಕು. ಈ ತೀರ್ಮಾನಕ್ಕೆ ಬಂದಾಗ ಅವನಿಗೆ ತನ್ನ ಬಗ್ಗೆ ಸ್ವಲ್ಪ ಗೌರವವೂ ಹುಟ್ಟಿತು, ಮರುಕ್ಷಣವೇ ಆ ಗೌರವದ ಬಗ್ಗೆ ಹೇಸಿಗೆಯೂ.

ಮಧ್ಯಾಹ್ನದ ಬಿಸಿಲಿಗೆ ಸುಣ್ಣ ಒಣಗಿ ಕಣ್ಣು ಚುಚ್ಚುವಷ್ಟು ಬೆಳ್ಳಗಾಯಿತು. ಹಳೇ ಜಾಲರಿಯ ಮೇಲೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿಯನ್ನು ಎಳೆದು, ಅಂಗೈ ಅಗಲಕ್ಕೊಂದು ಮೊಳೆ ಹೊಡೆದ. ಅದರ ಕೆಳ ಅಂಚನ್ನು ಹೊರಕ್ಕೆ ಒಂದು ಅಡಿ ಮಡಚಿ ಮಣ್ಣಿನಡಿ ಹೂತ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಒಂದು ಅಡಿ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕಿಲ್ಲ. ತಗಡಿಗೂ ಇಟ್ಟಿಗೆಗೂ ನಡುವೆ ಪೆನ್ಸಿಲ್ಲು ಹೋದ ಕಡೆಯೆಲ್ಲ ಗಾರೆ ಮೆತ್ತಿದ. ಮರದ ಹೊಟ್ಟು ಹರಡಿದ. ಮೂರು ಚಿಲಕ ಕೂರಿಸಿದ. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ಹೇಳಬೇಕಾದ ವಾಕ್ಯ ಬಾಯೊಳಗೆ ತಿರುಗುತ್ತಿತ್ತು. ಆವತ್ತು ಚಿಲಕ ತೆಗೆದದ್ದು ನಾನು. ಅಲ್ಲ, ನೀನು ಹಾಕಿದ್ದೆ, ಅದನ್ನ ತೆಗೆದದ್ದು ನಾನು. ‘ನೀನು ಹಾಕಿದ್ದೆ’ ಎಂಬುದು ಮೊದಲು ಬರಬೇಕು. ಹೆಂಡತಿ ಊಟಕ್ಕೆ ಎರಡು ಸಲ ಕರೆದು, ಮೂರನೇ ಸಲ ಕರೆಯದೆ ತಟ್ಟೆ ಮುಚ್ಚಿಟ್ಟು ಮಲಗಿದಳು. ಅವನಿಗೆ ಹಸಿವಿರಲಿಲ್ಲ. ಮೈಯೆಲ್ಲ ನೋವು, ಬೆರಳ ಸಂದಿಯಲ್ಲಿ ಸುಣ್ಣ ಸುಟ್ಟು ಚರ್ಮ ಬಿರಿದಿತ್ತು. ಕೆಲಸ ಮುಗಿದದ್ದು ಮಾತ್ರ ಅವನಿಗೆ ಇಷ್ಟವಾಗಲಿಲ್ಲ.

ನಾಲ್ಕೂಕಾಲಿಗೆ ಕಾರು ಬಂತು. ಮಗಳು ಇಳಿದು, ಕಾರಿನ ಬಾಗಿಲು ಹಾಕಿ, ಎಳೆದು ನೋಡಿ, ಎರಡು ಹೆಜ್ಜೆ ಬಂದು, ತಿರುಗಿ ಹೋಗಿ ಮತ್ತೆ ಎಳೆದು ನೋಡಿದಳು. ಬುಟ್ಟಿಯನ್ನು ಇಬ್ಬರೂ ಹಿಡಿದು ಹಿತ್ತಿಲಿಗೆ ತಂದರು. ಅವಳು ಗೂಡು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ‘ಅಪ್ಪ! ಇದರಲ್ಲಿ ನಾನೇ ಇರಬಹುದು.’ ಬಗ್ಗಿ ಒಳಗೆ ಹೋಗಿ, ಜಾಲರಿಯನ್ನು ಅಲ್ಲಲ್ಲಿ ಒತ್ತಿ, ಮೂಲೆಯ ಹೊಸ ಸಿಮೆಂಟನ್ನು ಮುಟ್ಟಿ, ‘ಇಲ್ಲೇನಿತ್ತು?’ ಎಂದಳು. ‘ಇಲಿ ಬಿಲ. ಈಚಿನದು’ ಎಂದ. ಕೋಳಿಗಳನ್ನು ಒಂದೊಂದಾಗಿ ಎದೆಗೊತ್ತಿಕೊಂಡು ಒಳಗೆ ಬಿಟ್ಟಳು. ಅವು ಹೊಸ ಹೊಟ್ಟಿನ ಮೇಲೆ ಒಂದು ಕಾಲೆತ್ತಿಕೊಂಡು, ಇಡಲೋ ಬೇಡವೋ ಎಂದು ನಿಂತವು. ಒಂದು ಮಾತ್ರ ನೇರವಾಗಿ ನೀರಿನ ಬಟ್ಟಲಿಗೆ ಹೋಗಿ ಅದರಲ್ಲೇ ಕಾಲಿಟ್ಟಿತು. ‘ಇದು ಅಮ್ಮನ ಥರ, ಯೋಚನೆ ಮಾಡೋದೇ ಇಲ್ಲ’ ಎಂದು ಮಗಳು ನಕ್ಕಳು. ಮೇಲಿನಿಂದ ಹೆಂಡತಿ, ‘ಕೇಳಿಸ್ತು, ಕೇಳಿಸ್ತು!’ ಎಂದು ಕೂಗಿ ಚಹಾಕ್ಕೆ ನೀರಿಡಲು ಹೋದಳು. ಮಗಳ ಮುಖ ಅವನು ಎಷ್ಟೋ ವರ್ಷದಿಂದ ನೋಡದಷ್ಟು ಹಗುರಾಗಿತ್ತು. ಈಗ ಬೇಡ, ಚಹಾ ಆದ ಮೇಲೆ ಎಂದು ಒಂದು ಕ್ಷಣ ಅನಿಸಿತು. ‘ಆಮೇಲೆ’ ಎಂದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಒಂದು ವಿಷಯ ಹೇಳ್ಬೇಕು’ ಎಂದ. ‘ಆವತ್ತು ನೀನು ಚಿಲಕ ಹಾಕಿದ್ದೆ.’ ಅವಳು ಕೋಳಿಗಳನ್ನೇ ನೋಡುತ್ತಾ, ‘ಯಾವತ್ತು?’ ಎಂದಳು, ಗೊತ್ತಿದ್ದೂ. ‘ಆ ಹನ್ನೊಂದು ಕೋಳಿ. ನೀನು ಹಾಕಿದ್ದೆ. ನಮ್ಮ ಆಫೀಸರು ಬಂದಿದ್ರಲ್ಲ, ಅವರಿಗೆ ತೋರಿಸೋಕೆ ನಾನು ತೆಗೆದೆ. ವಾಪಸ್ ಹಾಕಲಿಲ್ಲ. ಬೆಳಿಗ್ಗೆ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮೇಲೆ ಬಿಟ್ಟೆ.’ ಇಪ್ಪತ್ತೆರಡು ವರ್ಷದ್ದು ಇಷ್ಟು ಚಿಕ್ಕದಾಗಿತ್ತೇ ಎಂದು ಆಶ್ಚರ್ಯವಾಯಿತು. ಮಗಳು ನಿಧಾನವಾಗಿ ಎದ್ದು ನಿಂತು, ಕೈಗಂಟಿದ ಹೊಟ್ಟು ಕೊಡವಿಕೊಂಡು, ಅವನ ಕಡೆ ತಿರುಗಿದಳು. ಅವನು ಏಟಿಗೆ ಕಾಯುವವನ ಹಾಗೆ ನಿಂತಿದ್ದ. ಅವಳ ಕಣ್ಣು ತುಂಬಿತ್ತು. ‘ಅಪ್ಪ’ ಎಂದಳು. ‘ಮೂರು ದಿನದಿಂದ ಗೂಡೊಳಗೆ ಕೂತು ಇದನ್ನೇ ಯೋಚಿಸ್ತಿದ್ಯಾ?’ ‘ಯೋಚಿಸಿದ್ದಲ್ಲ, ನಡೆದದ್ದು.’ ಅವಳು ಅವನ ಸುಣ್ಣದಿಂದ ಬಿರಿದ ಕೈಗಳನ್ನು ಎತ್ತಿ ನೋಡಿದಳು. ‘ನಂಗೆ ಸಮಾಧಾನ ಆಗ್ಲಿ ಅಂತ ನಿನ್ನ ಮೇಲೆ ಹಾಕ್ಕೊಳ್ತಿದೀಯ.’

‘ಇಲ್ಲ ಮರಿ. ಸತ್ಯವಾಗ್ಲೂ. ಚಿಲಕ ತೆಗೆದದ್ದು ಈ ಕೈ.’

‘ನಂಗೆ ನೆನಪಿದೆ ಅಪ್ಪ’ ಎಂದಳು ಅವಳು, ಸಿಟ್ಟಿಲ್ಲದೆ, ಮಗುವಿಗೆ ತಿಳಿಹೇಳುವ ದನಿಯಲ್ಲಿ. ‘ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿಲಕದ ಮೇಲೆ ಕೈ ಇಟ್ಟಿದ್ದೆ. ಅಷ್ಟರಲ್ಲಿ ಒಳಗಿಂದ ಅಮ್ಮ ಕೂಗಿದ್ಲು. ಬಿಟ್ಟು ಓಡಿದೆ. ತಣ್ಣಗಿತ್ತು ಚಿಲಕ, ಅದೂ ನೆನಪಿದೆ.’

ಅವನು ಗೋಡೆಗೆ ಒರಗಿದ. ಅಮ್ಮ ಕೂಗಿರಲಿಲ್ಲ. ಆ ಬೆಳಿಗ್ಗೆ ಅಳುತ್ತಿದ್ದ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳಿಗೊಂದು ನೆಪವಾದರೂ ಇರಲಿ ಎಂದು, ‘ಅಮ್ಮ ಕೂಗಿರ್ಬೇಕು, ಅಲ್ವಾ? ಚಿಲಕ ಹಾಕ್ತಿದ್ದೋಳು ಹಾಗೇ ಬಿಟ್ಟು ಓಡಿರ್ಬೇಕು’ ಎಂದು ಕಟ್ಟಿ ಹೇಳಿದ್ದು ಅವನು. ಅವಳು ಬಿಕ್ಕುತ್ತಾ ಹೂಂ ಎಂದಿದ್ದಳು. ತಣ್ಣಗಿತ್ತು ಎಂಬುದನ್ನು ಮಾತ್ರ ಅವನು ಹೇಳಿರಲಿಲ್ಲ, ಅದನ್ನು ಅವಳು ಆಮೇಲೆ ಸೇರಿಸಿಕೊಂಡಿರಬೇಕು, ವರ್ಷಗಟ್ಟಲೆ ಅದನ್ನೇ ಮುಟ್ಟಿ ಮುಟ್ಟಿ ನೋಡಿ. ‘ಅದು ನಾನು ಹೇಳಿಕೊಟ್ಟದ್ದು’ ಎಂದ. ‘ಅಮ್ಮನ್ನೇ ಕೇಳು, ಅವಳು ಕೂಗೇ ಇಲ್ಲ.’ ‘ಅಮ್ಮನಿಗೆ ನಿನ್ನೆ ತಿಂದದ್ದು ನೆನಪಿರಲ್ಲ’ ಎಂದು ಮಗಳು ಕಣ್ಣೊರೆಸಿಕೊಂಡು ನಕ್ಕಳು. ಮುಂದೆ ಬಂದು, ಅವನ ಹೆಗಲಿಗೆ ಹಣೆ ಒತ್ತಿ ನಿಂತಳು, ಎಷ್ಟೋ ವರ್ಷದ ಮೇಲೆ. ‘ಆವತ್ತೂ ನೀನೊಬ್ಬನೇ ನನ್ನ ಪರ ನಿಂತದ್ದು. ನಂಗೆ ಅದು ಮರೆತಿಲ್ಲ ಅಪ್ಪ.’ ಅವನ ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ತೆಗೆಯಬೇಕೆನಿಸಿತು. ತೆಗೆಯಲಿಲ್ಲ.

ಚಹಾ ಆಯಿತೆಂದು ಹೆಂಡತಿ ಕರೆದಳು. ಮಗಳು ಗೂಡಿನ ಬಾಗಿಲು ಎಳೆದು ಮೇಲಿನ ಚಿಲಕ ಹಾಕಿದಳು, ನಡುವಿನದು ಹಾಕಿದಳು, ಕೆಳಗಿನದು ಹಾಕಿದಳು, ಪ್ರತಿಯೊಂದನ್ನೂ ಬೆರಳಿಂದ ಒತ್ತಿ ತುಟಿಯಲ್ಲೇ ಎಣಿಸಿಕೊಂಡಳು. ಮೆಟ್ಟಿಲವರೆಗೆ ಬಂದು ನಿಂತಳು. ಅವಳ ಮುಖದಲ್ಲಿ ಆ ಹಳೆಯ ಬಿಗಿ ಬರುವುದು ಅವನಿಗೆ ಕಂಡಿತು. ‘ಹಾಕಿದೀಯ’ ಎಂದ ಅವನು. ದನಿ ಜೋರಾಯಿತು. ‘ಮೂರೂ ಹಾಕಿದೀಯ. ನಾನು ಇಲ್ಲೇ ನಿಂತು ನೋಡ್ದೆ. ನನ್ನಾಣೆ.’

‘ನಿನ್ನ ಮಾತು ನಂಬೋ ಹಾಗಿಲ್ಲ ಬಿಡು’ ಎಂದು ಅವಳು ಅಕ್ಕರೆಯಿಂದ ಅವನ ಕೆನ್ನೆ ತಟ್ಟಿದಳು. ‘ನಾನು ಬೇಜಾರು ಮಾಡ್ಕೋಬಾರದು ಅಂದ್ರೆ ನೀನು ಏನು ಬೇಕಾದ್ರೂ ಹೇಳ್ತೀಯ’ ಎಂದವಳೇ ತಿರುಗಿ ಗೂಡಿನ ಕಡೆಗೆ ಹೋದಳು.